ಬಿಡಿ ಎಂಬ ಚೀಟಿ

ನಮ್ಮ ಅಂಗಡಿಯಲ್ಲಿ ಅತ್ತೆಗೆ ಕೈಕೆಲಸ, ಸೊಸೆಗೆ ಬಾಯಿಕೆಲಸ ಎಂದು ಬೀದಿಯವರು ಆಡಿಕೊಳ್ಳುತ್ತಾರೆ. ಅದು ಪೂರ್ತಿ ನಿಜವಲ್ಲ. ಬಾಯಿಯ ಕೆಲಸವನ್ನೂ ಅತ್ತೆಯೇ ನೋಡಿಕೊಳ್ಳುತ್ತಾರೆ. ನನ್ನ ಪಾಲಿಗೆ ಉಳಿದಿರುವುದು ಬರವಣಿಗೆ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಕಿಟಕಿಗೆ ಒತ್ತಿಕೊಂಡು ಒಂದು ಉದ್ದನೆಯ ಬೆಂಚು, ಅದರ ಮೇಲೆ ಸೀಮೆಎಣ್ಣೆಯ ತಟ್ಟೆಗಳು, ಹಲ್ಲಿನ ಡಾಕ್ಟರು ಬೇಡವೆಂದು ಕೊಟ್ಟ ಕೊಕ್ಕೆಕಡ್ಡಿಗಳು. ಹಿಂದಿನ ಗೋಡೆಗೆ ಮರದ ಬೀರು, ಅದರ ತುಂಬ ಬೆಂಕಿಪೊಟ್ಟಣದಂಥ ಸಣ್ಣ ಸಣ್ಣ ಡ್ರಾಯರುಗಳು. ಇಲ್ಲಿ ನಾವು ಹಳೆಯ ಮೋಟಾರ್ ಸೈಕಲ್ಲುಗಳ ಕಾರ್ಬುರೇಟರ್ ಹೊರತು ಬೇರೆ ಯಾವುದನ್ನೂ ಮುಟ್ಟುವುದಿಲ್ಲ.

"ಗಾಡಿಯ ಅಡುಗೆಮನೆ ಇದು," ಎಂದು ಅತ್ತೆ ಗೊತ್ತಿಲ್ಲದವರಿಗೆ ವಿವರಿಸುತ್ತಾರೆ. "ಗಾಳಿ ಎಷ್ಟು, ಪೆಟ್ರೋಲ್ ಎಷ್ಟು, ಹದವಾಗಿ ಕಲಸಿ ಇಂಜಿನ್ನಿಗೆ ಬಡಿಸೋದು ಇದರ ಕೆಲಸ. ಅಡುಗೆಯವಳು ಮುನಿಸಿಕೊಂಡ್ರೆ ಯಜಮಾನ ಎಷ್ಟು ದಪ್ಪ ಮೀಸೆ ಬಿಟ್ರೇನು, ಕೂತಲ್ಲಿಂದ ಏಳಲ್ಲ."

ಮಾವ ಇದ್ದಾಗ ಅಂಗಡಿ ಅವರದು. ಅವರು ಬಿಚ್ಚಿದ್ದನ್ನು ಅತ್ತೆ ಜೋಡಿಸುತ್ತಿದ್ದರಂತೆ. ಅವರು ಹೋದ ಮೇಲೆ ಬಿಚ್ಚುವುದನ್ನೂ ಅತ್ತೆಯೇ ವಹಿಸಿಕೊಂಡರು. ಜೊತೆಗೆ ಬೆಲೆ ಕಟ್ಟುವುದನ್ನೂ. ಹಳೆಯ ಗಾಡಿ ಕೊಳ್ಳುವವರು, ಮಾರುವವರು ಕಾರ್ಬುರೇಟರನ್ನು ತಂದು ನಮ್ಮ ಬೆಂಚಿನ ಮೇಲಿಡುತ್ತಾರೆ. ಹೊಳಪು ಹೆಚ್ಚಿದ್ದಷ್ಟೂ ಬೆಲೆ ಹೆಚ್ಚು ಎಂದು ಹೊಸಬರು ತಿಳಿದಿರುತ್ತಾರೆ. ಈ ವ್ಯವಹಾರದಲ್ಲಿ ಹೊಳಪೇ ಶತ್ರು. ಎರಕ ಹೊಯ್ದಾಗಿನ ಮಂಕು ಬೂದು ಬಣ್ಣ ಹಾಗೇ ಇರಬೇಕು, ಒತ್ತಿದ ಅಂಕಿಗಳು ಸವೆದಿರಬಾರದು, ಸ್ಕ್ರೂಗಳ ತಲೆಯಲ್ಲಿ ಕಚ್ಚು ಬಿದ್ದಿರಬಾರದು. "ಸ್ಕ್ರೂ ತಲೆ ನೋಡಿದ್ರೆ ಸಾಕು, ಮುಂಚೆ ಬಂದುಹೋದವರ ಬಂಡವಾಳ ಗೊತ್ತಾಗುತ್ತೆ," ಎನ್ನುತ್ತಾರೆ ಅತ್ತೆ. ಅವರು ನೋಡಿ ಹೇಳಿದ್ದನ್ನು ನಾನು ಪತ್ರವಾಗಿ ಬರೆದು ರುಜು ಹಾಕುತ್ತೇನೆ. 'ಚೆನ್ನಾಗಿದೆ' ಎಂದು ನಾನು ಎಂದೂ ಬರೆದಿಲ್ಲ. ಯಾವುದು ಚೆನ್ನಾಗಿದೆ, ಎಷ್ಟು ಚೆನ್ನಾಗಿದೆ, ಯಾವುದು ಚೆನ್ನಾಗಿಲ್ಲ ಎಂದು ಬರೆಯುತ್ತೇನೆ. ಆ ಪತ್ರವನ್ನು ಕೊಳ್ಳುವವರು ನಂಬುತ್ತಾರೆ. ಅಂಗಡಿ ನಿಂತಿರುವುದೇ ಆ ನಂಬಿಕೆಯ ಮೇಲೆ.

ನಾನು ಕಾಲೇಜಿನಲ್ಲಿ ಭಾಷೆಯನ್ನೇ ಓದಿ ಬಂದವಳು. ಒಂದು ಪದ ಬರೆಯುವ ಮೊದಲು ಅದರ ಹಿಂದೆ ಮುಂದೆ ನೋಡುವುದು ನನ್ನ ಅಭ್ಯಾಸ. ಬರವಣಿಗೆಯಲ್ಲಿ ಮಾತ್ರವಲ್ಲ, ಮನೆಯಿಂದ ಹೊರಟರೆ ಬೀಗ ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ವಾಪಸು ಬಂದು ಮತ್ತೊಮ್ಮೆ ಎಳೆದು ನೋಡುತ್ತೇನೆ. "ನಮ್ಮ ಬೀಗ ಸವೆದಿರೋದು ಕಳ್ಳರಿಂದಲ್ಲ," ಎನ್ನುತ್ತಾರೆ ನನ್ನ ಗಂಡ. ಅವರು ಬಸ್ ಕಂಡಕ್ಟರ್. ಸೀಟಿ ಊದಿದರೆ ಹೊರಡಬೇಕು, ಊದಿದರೆ ನಿಲ್ಲಬೇಕು. ಅವರ ಬದುಕಿನಲ್ಲಿ ಸಂದೇಹಕ್ಕೆ ಸೀಟಿಲ್ಲ.

ಪತ್ರವಲ್ಲದೆ ಚೀಟಿ ಬರೆಯುವುದೂ ನನ್ನದೇ. ಬಂದ ಪ್ರತಿ ಕಾರ್ಬುರೇಟರಿಗೂ ದಾರದಲ್ಲಿ ಒಂದು ರಟ್ಟಿನ ಚೀಟಿ ಕಟ್ಟಿ, ಏನು ಮಾಡಬೇಕೆಂದು ಬರೆಯಬೇಕು. ಮೊದಮೊದಲು ನಾನು ವಿವರವಾಗಿ ಬರೆಯುತ್ತಿದ್ದೆ. ಅತ್ತೆ ಚೀಟಿಯನ್ನು ಮೂಗಿನ ಹತ್ತಿರ, ಆಮೇಲೆ ಕೈಯುದ್ದ ದೂರ ಹಿಡಿದು ನೋಡಿ, "ಇದು ಚೀಟಿಯೋ ಪುರಾಣವೋ?" ಎಂದು ಕೇಳಿದರು. "ಒಂದೇ ಮಾತಲ್ಲಿ ಹೇಳು. ನಾನು ಓದಿ ಮುಗಿಸೋ ಹೊತ್ತಿಗೆ ತಟ್ಟೇಲಿರೋ ಸೀಮೆಎಣ್ಣೆ ಆರಿಹೋಗಿರುತ್ತೆ."

ಅಂದಿನಿಂದ ಒಂದೇ ಮಾತು. 'ತೊಳೆಯಿರಿ.' 'ನೆನೆಸಿ.' 'ಕಾಯಿರಿ.' ಬರೆಯುವುದು ಅತ್ತೆಗಾದ್ದರಿಂದ ಬಹುವಚನ. ಸೊಸೆಯಾದವಳು ಅತ್ತೆಗೆ 'ತೊಳೆ' ಎಂದು ಬರೆದು ಕಟ್ಟುವುದು ಹೇಗೆ?

ಹೀಗಿರುವಾಗ ಒಂದು ಮಧ್ಯಾಹ್ನ, ಅತ್ತೆ ಹೊರಗೆ ಹೋಗಿದ್ದಾಗ, ಹಿಂದಿನ ಬೀದಿಯ ಟೈಲರು ಮತ್ತು ಅವರ ಹೆಂಡತಿ ಬಂದರು. ಟೈಲರು ಲೈನಿಂಗ್ ಬಟ್ಟೆಯ ತುಂಡಿನಲ್ಲಿ ಸುತ್ತಿದ್ದ ಗಂಟನ್ನು ಎದೆಗವಚಿಕೊಂಡಿದ್ದರು. ಮಾತಾಡಿದ್ದೆಲ್ಲ ಟೈಲರಮ್ಮ.

"ಇವರ ಗಾಡೀದು. ಹುಟ್ಟಿದಾಗಿನಿಂದ ಬಿಚ್ಚಿಲ್ಲ. ಸೀಲೇ ಒಡೆದಿಲ್ಲ. ಹೇಳ್ರೀ."

"ಹೂಂ," ಎಂದರು ಟೈಲರು, ನೆಲ ನೋಡುತ್ತ.

"ಆ ಗಾಡಿ ನಮ್ಮ ಮುಂದಿನ ಕೋಣೇಲಿ ಮಲಗಿರೋ ಎಮ್ಮೆ ಹಾಗೆ ಬಿದ್ದಿದೆ. ಓಡಿಸಿದ್ರೆ ಬೆಲೆ ಹೋಗುತ್ತಂತೆ, ಓಡಿಸಲ್ಲ. ಈಗ ಒಬ್ಬರು ಕೇಳಿದಾರೆ. ಹಳೆ ಗಾಡಿ ಕೂಡಿಡೋರು, ಜೇಬಲ್ಲಿ ಭೂತಗನ್ನಡಿ ಇಟ್ಕೊಂಡು ಓಡಾಡ್ತಾರಲ್ಲ, ಅವರು. ಕಾರ್ಬುರೇಟರ್ ಎಂದೂ ಬಿಚ್ಚಿಲ್ಲ ಅಂತ ನಿಮ್ಮಂಗಡಿ ಪತ್ರ ಇದ್ರೆ ಮಾತ್ರ ತಗೊಳ್ತಾರಂತೆ. ಭಾನುವಾರ ಬರ್ತಾರೆ. ಅದು ಹೋದ್ರೆ ಆ ಜಾಗದಲ್ಲಿ ನನ್ನ ಮೆಷಿನ್ನು. ಇಷ್ಟು ವರ್ಷ ಅಡುಗೆಮನೆ ಬಾಗಿಲಲ್ಲಿ ಕೂತು ಹೊಲಿದದ್ದಾಯ್ತು."

ನಾನು ಗಂಟು ಬಿಚ್ಚಿ ನೋಡಿದೆ. ಒಳ್ಳೆಯ ಬೂದು ಬಣ್ಣ, ಚೂಪಾದ ಅಂಕಿಗಳು, ಗೀರಿಲ್ಲದ ಸ್ಕ್ರೂಗಳು. ಎರಡು ಸ್ಕ್ರೂಗಳ ತಲೆಯಲ್ಲಿ ತೂರಿಸಿ ಕಟ್ಟಿದ ಸೀಲಿನ ಸಣ್ಣ ತಂತಿ ಹಾಗೇ ಇತ್ತು. ಅದರ ಹೊಸೆತ ಎಷ್ಟು ನಾಜೂಕಾಗಿತ್ತೆಂದರೆ, ಆ ಕಾಲದ ಕಾರ್ಖಾನೆಯವರಿಗೂ ಇಷ್ಟು ತಾಳ್ಮೆಯಿತ್ತೇ ಎಂದು ನನಗೆ ಮೆಚ್ಚುಗೆಯಾಯಿತು. ಅತ್ತೆ ಹೊರಗಿನಿಂದಲೇ ನೋಡಿ ಹೇಳುತ್ತಾರೆ, ಭಾನುವಾರ ನಾವೇ ತಂದುಕೊಡುತ್ತೇವೆ ಎಂದು ಕಳಿಸಿದೆ.

ಆಮೇಲೆ ಚೀಟಿ. 'ಮುಟ್ಟಬೇಡಿ' ಎಂದು ಬರೆದು ಹರಿದೆ. ಅತ್ತೆಯ ಅಂಗಡಿಯಲ್ಲಿ ಅತ್ತೆಗೇ ಮುಟ್ಟಬೇಡಿ ಎನ್ನುವುದೇ? 'ತೆರೆಯಬೇಡಿ' ಔಷಧಿ ಬಾಟಲಿಯ ಮೇಲಿನ ಮಾತಿನಂತಿತ್ತು. 'ಹಾಗೇ ಬಿಡಿ' ಎಂದರೆ ಎರಡು ಮಾತಾಯಿತು. ಕೊನೆಗೆ 'ಹಾಗೇ' ತೆಗೆದೆ. ಸೌಮ್ಯವಾಗಿ, ಗೌರವವಾಗಿ, ಒಂದೇ ಮಾತಿನಲ್ಲಿ 'ಬಿಡಿ' ಎಂದು ದಪ್ಪ ಅಕ್ಷರದಲ್ಲಿ ಬರೆದು ಕಟ್ಟಿದೆ. ಗಂಟು ಎಳೆದು ನೋಡಿದೆ. ಇನ್ನೊಮ್ಮೆ ಎಳೆದು ನೋಡಿದೆ.

ಮರುದಿನ ಬೆಳಿಗ್ಗೆ ನಾನು ಬಟ್ಟೆ ಒಣಹಾಕಿ ಅಂಗಡಿಗೆ ಬರುವಷ್ಟರಲ್ಲಿ ಕಾರ್ಬುರೇಟರ್ ಇರಲಿಲ್ಲ. ಅದರ ಬದಲು ಎರಡು ತಟ್ಟೆಗಳ ತುಂಬ ಹಿತ್ತಾಳೆಯ ಚೂರುಗಳು ಸೀಮೆಎಣ್ಣೆಯಲ್ಲಿ ನೆನೆಯುತ್ತಿದ್ದವು. ಕತ್ತರಿಸಿದ ತಂತಿ ಬೆಂಚಿನ ಅಂಚಿನಲ್ಲಿ ಸುರುಳಿ ಸುತ್ತಿಕೊಂಡಿತ್ತು. ಅತ್ತೆ ಮೂಗಿನ ತುದಿಯಲ್ಲಿ ಕನ್ನಡಕವಿಟ್ಟುಕೊಂಡು ತಮ್ಮಷ್ಟಕ್ಕೆ ಗುನುಗುತ್ತಿದ್ದರು.

"ಅತ್ತೆ, ಅದು... ಅದನ್ನ ಯಾಕೆ ಬಿಚ್ಚಿದ್ರಿ?"

"ಯಾಕೆ ಅಂದ್ರೆ? ನೀನೇ ಬರೆದಿದ್ದೀಯಲ್ಲ, ಬಿಡಿ ಅಂತ."

"ಬಿಡಿ ಅಂದ್ರೆ ಬಿಟ್ಟುಬಿಡಿ ಅಂತ."

"ಬಿಡಿ ಅಂದ್ರೆ ಬಿಡಿ. ಬಿಡಿ ಭಾಗ. ಬಿಡಿಬಿಡಿಯಾಗಿ ಬಿಡಿಸಿಡೋದು." ಅವರು ಕೊಕ್ಕೆಕಡ್ಡಿಯಿಂದ ಹಿಂದಿನ ಬೀರುವನ್ನು ತೋರಿಸಿದರು. ಅದರ ನೆತ್ತಿಯ ಮೇಲೆ ಮಾವ ಬಣ್ಣದಲ್ಲಿ ಬರೆದಿದ್ದ 'ಬಿಡಿ ಭಾಗಗಳು' ಎಂಬುದರಲ್ಲಿ 'ಭಾಗಗಳು' ಎಂದೋ ಉದುರಿಹೋಗಿ, 'ಬಿಡಿ' ಮಾತ್ರ ದಪ್ಪಗೆ ಉಳಿದಿತ್ತು. ದಿನವೂ ಅದರ ಕೆಳಗೇ ಕೂರುತ್ತೇನೆ. ಬೀಗ ಎರಡು ಸಲ ಎಳೆಯುವವಳ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಅಷ್ಟರಲ್ಲಿ ನನ್ನ ಗಂಡ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಬಂದರು. ಅತ್ತೆ ಅವರನ್ನು ತಡೆದು ಚೀಟಿ ತೋರಿಸಿದರು. "ನೀನು ಹೇಳಪ್ಪ. ಇದನ್ನ ಓದಿದ್ರೆ ಏನನ್ಸುತ್ತೆ?"

ಅವರು ನನ್ನ ಮುಖ ನೋಡಿದರು, ತಾಯಿಯ ಮುಖ ನೋಡಿದರು, ಚೀಟಿ ನೋಡಿದರು. "ಬಸ್ಸು ಹೊರಡಬೇಕು ಅನ್ಸುತ್ತೆ. ದಿನಾ ಬಾಗಿಲಲ್ಲಿ ನಿಂತು 'ರೈಟ್, ಬಿಡಿ' ಅಂತೀನಿ. ಡ್ರೈವರ್ ಬಿಡ್ತಾನೆ."

"ನಿನ್ನ ಕೇಳಿದ್ದು ನನ್ನ ತಪ್ಪು. ಹೋಗು, ಟಿಕೆಟ್ ಹರಿ."

ಅವರು ಹೋದ ಮೇಲೆ ನಾನು ಭಾನುವಾರದ ಕಥೆ ಹೇಳಿದೆ. ಅತ್ತೆಯ ಗುನುಗು ನಿಂತಿತು. ಕತ್ತರಿಸಿದ ತಂತಿಯನ್ನು ಎತ್ತಿ ನೋಡಿದರು.

"ಇಂಥದ್ದೇ ತಂತಿ ಡ್ರಾಯರಲ್ಲಿದೆ. ಜೋಡಿಸಿ ಕಟ್ಟಿಬಿಟ್ರೆ ಆ ಭೂತಗನ್ನಡಿಯ ತಾತನಿಗೂ ಗೊತ್ತಾಗಲ್ಲ."

"ನನಗೆ ಗೊತ್ತಿರುತ್ತಲ್ಲ ಅತ್ತೆ. 'ಬಿಚ್ಚಿಲ್ಲ' ಅಂತ ಬರೆದು ಕೆಳಗೆ ರುಜು ಹಾಕೋದು ನಾನು."

ಅತ್ತೆ ತಂತಿಯನ್ನು ಕಸದ ಡಬ್ಬಿಗೆ ಹಾಕಿದರು. "ಸರಿ. ಬಿಚ್ಚಿದ್ದು ನಾನು, ಹೇಳೋದು ನೀನು. ಆದ್ರೆ ಬಿಚ್ಚಿದ ಮೇಲೆ ಅರ್ಧಂಬರ್ಧ ಮಾಡಿ ಕೊಡೋ ಪೈಕಿ ನಾನಲ್ಲ. ಕೂತ್ಕೋ, ಆ ತಟ್ಟೆ ಹಿಡಿ."

ಕೂತೆ. ಜೆಟ್ ಎಂದರೆ ಕೂದಲೆಳೆಯಷ್ಟು ತೂತಿರುವ ಹಿತ್ತಾಳೆಯ ಮೊಳೆ. ಪೆಟ್ರೋಲ್ ಅಳೆದು ಬಿಡುವುದು ಅದೇ. ಅದರೊಳಗೆ ತಂತಿ ತೂರಿಸಿದರೆ ತೂತು ದೊಡ್ಡದಾಗಿ ಗಾಡಿ ಹೊಟ್ಟೆಬಾಕನಾಗುತ್ತದೆ. ಊದಬೇಕು, ಬೆಳಕಿಗೆ ಹಿಡಿಯಬೇಕು, ಮತ್ತೆ ಊದಬೇಕು. ನಾನು ಕಿಟಕಿಗೆ ಹಿಡಿದು ನೋಡಿದೆ. ಆಚೆಯ ಆಕಾಶ ಒಂದು ಚುಕ್ಕೆಯಾಗಿ ಕಂಡಿತು. ಜೆಟ್ಟಿನಲ್ಲಿ ಕಸವಿರಲಿಲ್ಲ. ಕಸವಿದ್ದದ್ದು ಪೆಟ್ರೋಲು ಬಂದು ನಿಲ್ಲುವ ಕೆಳಗಿನ ಬಟ್ಟಲಿನಲ್ಲಿ. ಒಣಗಿದ ಪೆಟ್ರೋಲು ಅಂಟಿನಂತೆ ಗಟ್ಟಿಯಾಗಿ ತಳ ಹಿಡಿದಿತ್ತು. ಅದನ್ನು ಕೊಕ್ಕೆಯಿಂದ ಎಬ್ಬಿಸಿದಾಗ ಒಂದು ದುಂಡಗಿನ ಬಿಲ್ಲೆ ಎದ್ದುಬಂತು. ತೊಳೆದೆ. ನಾಲ್ಕು ತೂತಿನ ಚಿಪ್ಪಿನ ಗುಂಡಿ.

"ಅತ್ತೆ, ನಿಮ್ಮ ತೋಳಿನ ಗುಂಡಿ ಬಿದ್ದಿದೆ."

ಅತ್ತೆ ಸೀರೆಯ ಮೇಲೆ ತೊಟ್ಟಿದ್ದ ಮಾವನ ಹಳೆಯ ಅಂಗಿಯ ತೋಳು ನೋಡಿಕೊಂಡರು. ಅವರ ಗುಂಡಿಗಳೆಲ್ಲ ಜಾಗದಲ್ಲಿದ್ದವು. ಇಬ್ಬರೂ ಬಟ್ಟಲನ್ನು ನೋಡಿದೆವು. ಪೆಟ್ರೋಲು ಜೆಟ್ಟಿಗೆ ಹೋಗುವ ದಾರಿಯ ಬಾಯಿಗೆ ಸರಿಯಾಗಿ ಗುಂಡಿಯ ಗುರುತು ಬಿದ್ದಿತ್ತು, ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ.

"ಎಂದೂ ಬಿಚ್ಚದ ಕಾರ್ಬುರೇಟರು," ಎಂದರು ಅತ್ತೆ ನಿಧಾನವಾಗಿ. "ಕಾರ್ಖಾನೆಯವರು ಆಗ ಗುಂಡಿ ಹೊಲಿದು ಕಳಿಸ್ತಿದ್ರೇನೋ." ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. "ಹಾಗಿದ್ರೆ ನಮ್ಮ ತಪ್ಪೇ ಇಲ್ಲ ಬಿಡು. ಮುಂಚೇನೇ ಕೆಟ್ಟಿದ್ದ ವ್ರತ."

ನನಗೆ ನಗು ಬರಲಿಲ್ಲ. ಅಲ್ಲಿಯವರೆಗೆ ನನಗೆ ಹೇಳಲು ಇದ್ದದ್ದು ನನ್ನ ತಪ್ಪೊಂದೇ. ಈಗ ಇನ್ನೊಬ್ಬರ ಗುಟ್ಟೂ ಕೈಗೆ ಬಂತು. ತಂತಿಯ ಆ ನಾಜೂಕು ಹೊಸೆತ, ನೆಲ ನೋಡುತ್ತ 'ಹೂಂ' ಎಂದ ಟೈಲರು, ಚಿಪ್ಪಿನ ಗುಂಡಿ, ಮೂರೂ ಒಂದೇ ದಾರದಲ್ಲಿ ಪೋಣಿಸಿಕೊಂಡವು. ಟೈಲರಮ್ಮನಿಗೆ ಇದು ಗೊತ್ತಿಲ್ಲ. ನಿಜವನ್ನೂ ಹೇಳಬೇಕು, ಗಂಡಹೆಂಡಿರ ನಡುವೆ ಕಡ್ಡಿಯನ್ನೂ ಆಡಿಸಬಾರದು. ಅಂಥ ವಾಕ್ಯ ಯಾವ ವ್ಯಾಕರಣದಲ್ಲಿದೆ ಎಂದು ವಾರವೆಲ್ಲ ಹುಡುಕಿ, ಕೊನೆಗೆ ಬರೆದೆ: 'ಬಿಚ್ಚಲಾಗಿದೆ. ಶುಚಿಗೊಳಿಸಲಾಗಿದೆ. ಮರುಜೋಡಿಸಲಾಗಿದೆ.' ಯಾರು ಎಂಬುದೇ ಇಲ್ಲ. ಈ ಬಗೆಯ ವಾಕ್ಯವನ್ನು ಕಂಡುಹಿಡಿದವಳು ಖಂಡಿತ ಹೆದರಿದ ಸೊಸೆಯೊಬ್ಬಳೇ ಇರಬೇಕು.

ಭಾನುವಾರ ಬೆಳಿಗ್ಗೆ ನಾನು, ಅತ್ತೆ, ಸಲಕರಣೆಯ ಚೀಲ ಹೊತ್ತ ನನ್ನ ಗಂಡ ಹೊರಟೆವು. ಗುಂಡಿ ನನ್ನ ಮುಷ್ಟಿಯಲ್ಲಿತ್ತು. ಟೈಲರು ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು ಹೊಸ್ತಿಲಲ್ಲೇ ಕಾಯುತ್ತಿದ್ದರು.

"ಒಂದು ಮಾತು ಹೇಳ್ಬೇಕಿತ್ತು," ಎಂದು ಪಿಸುಗುಟ್ಟಿದರು.

"ನಾನೂ ಒಂದು ಮಾತು ಹೇಳ್ಬೇಕಿತ್ತು," ಎಂದೆ.

"ನೀವು ಹೇಳಿ."

"ಪರವಾಗಿಲ್ಲ, ನೀವೇ ಹೇಳಿ."

"ಸಂಜೆವರೆಗೂ ಹೀಗೇ ಹೇಳ್ಕೊಂಡಿರಿ," ಎಂದರು ಅತ್ತೆ. "ನೋಡಪ್ಪ, ಅದನ್ನ ಬಿಚ್ಚಿದ್ದಾಗಿದೆ."

ಟೈಲರ ಮುಖ ಬಿಳಿಚಿತು. "ನಿಮಗೆ ಹೇಗೆ ಗೊತ್ತಾಯ್ತು?"

"ಹೇಗೆ ಗೊತ್ತಾಯ್ತು ಅಂದ್ರೆ? ಬಿಚ್ಚಿದವಳಿಗೆ ಗೊತ್ತಿರಲ್ವಾ?"

"ಬಿಚ್ಚಿದ್ದು ನಾನು," ಎಂದರು ಟೈಲರು.

"ಬಿಚ್ಚಿದ್ದು ನಾನು," ಎಂದರು ಅತ್ತೆ, ತಮ್ಮ ಕೆಲಸವನ್ನು ಬೇರೆಯವರು ಕಸಿದುಕೊಂಡಂತೆ.

ಬಾಗಿಲ ಸಂದಿಯಲ್ಲೇ ಟೈಲರು ಹೇಳಿ ಮುಗಿಸಿದರು. ಮದುವೆಯಾದ ಹೊಸದು. ಹಿಂದೆ ಹೆಂಡತಿ ಕೂತು ದಿನಾ ಸಂಜೆ ಸುತ್ತಾಟ. ಸ್ವಲ್ಪ ಮೈಲೇಜು ಹೆಚ್ಚಿಸೋಣ ಎಂದು, ಅವಳು ತವರಿಗೆ ಹೋಗಿದ್ದಾಗ, ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ ಬಿಚ್ಚಿದರು, ನೋಡಿದರು, ಮುಚ್ಚಿದರು, ತಂತಿಯನ್ನು ಮೊದಲಿದ್ದಂತೆ ಹೊಸೆದು ಕಟ್ಟಿದರು. ಆಮೇಲೆ ಗಾಡಿ ಉಸಿರೇ ಎತ್ತಲಿಲ್ಲ. ಕೆಡಿಸಿದೆ ಎನ್ನಲು ನಾಚಿಕೆಯಾಗಿ, ಇದು ಸೀಲ್ ಒಡೆಯದ ಗಾಡಿ, ಓಡಿಸಿದರೆ ಬೆಲೆ ಹೋಗುತ್ತದೆ ಎಂದರು. ಅವಳು ನಂಬಿದಳು. ನಂಬಿ ಬೀದಿಗೆಲ್ಲ ಹೇಳಿದಳು.

"ಅಲ್ಲಿ ಬಾಗಿಲಲ್ಲಿ ನಿಂತು ಯಾರ ಅಳತೆ ತಗೊಳ್ತಿದ್ದೀರ್ರೀ?" ಒಳಗಿಂದ ಟೈಲರಮ್ಮನ ದನಿ ಬಂತು. "ಅವರು ಬಂದು ಕಾಯ್ತಿದಾರೆ."

ಕೋಣೆಯ ನಡುವೆ ಮೋಟಾರ್ ಸೈಕಲ್ಲು ನಿಂತಿತ್ತು. ಹ್ಯಾಂಡಲಿಗೆ ಕತ್ತರಿಸಿದ ಕಾಲರುಗಳು, ಸೀಟಿನ ಮೇಲೆ ಇಸ್ತ್ರಿಯಾಗಬೇಕಾದ ಪ್ಯಾಂಟುಗಳು, ಹೆಡ್‌ಲೈಟಿಗೆ ಒಂದು ಅರ್ಧ ತೋಳಿನ ಅಂಗಿ. ಅದರ ಪಕ್ಕ ಭೂತಗನ್ನಡಿಯವರು ಮಂಡಿಯೂರಿ ಟ್ಯಾಂಕನ್ನು ಇಂಚಿಂಚಾಗಿ ನೋಡುತ್ತಿದ್ದರು. ಎದ್ದು ಕೈ ಚಾಚಿದರು. "ಪತ್ರ?"

ನಾನು ಕೊಟ್ಟೆ. ಅವರು ಪತ್ರವನ್ನೂ ಗಾಜಿನಲ್ಲೇ ಓದಿದರು. "ಬಿಚ್ಚಲಾಗಿದೆ ಅಂತಿದೆ. ಯಾರಿಂದ?"

ಕರ್ತೃವಿಲ್ಲದ ವಾಕ್ಯಕ್ಕೆ ಇಷ್ಟೇ ಆಯುಸ್ಸು.

"ನಮ್ಮ ಅಂಗಡಿಯಿಂದ," ಎಂದೆ. ಟೈಲರ ಕಡೆ ನೋಡದಿರಲು ಕಷ್ಟಪಟ್ಟೆ. "ಚೀಟಿಯಲ್ಲಿ ನಾನು ಬರೆದ ಒಂದು ಪದದಿಂದ ಎಡವಟ್ಟಾಯಿತು. ತಪ್ಪು ನನ್ನದು."

"ಹಾಗಿದ್ರೆ ನನಗೆ ಬೇಡ," ಎಂದು ಅವರು ಗಾಜನ್ನು ಒರೆಸಿ ಜೇಬಿಗಿಟ್ಟರು.

ಟೈಲರಮ್ಮ ನನ್ನ ಕಡೆ ತಿರುಗಿದರು. "ನಂಬಿ ಕೊಟ್ಟಿದ್ದಕ್ಕೆ ಇದಾ ಮಾಡೋದು? ಮಗು ಹಾಗೆ ಕಾಪಾಡಿಕೊಂಡು ಬಂದಿದ್ದನ್ನ? ಓದಿದವರು, ಒಂದು ಪದ ನೆಟ್ಟಗೆ ಬರೆಯೋಕಾಗಲ್ವಾ?"

ಮುಷ್ಟಿಯಲ್ಲಿ ಗುಂಡಿ ಒತ್ತುತ್ತಿತ್ತು. ಪಕ್ಕದಲ್ಲಿ ಅತ್ತೆ ಬಾಯಿ ತೆರೆಯುವುದು ಕಂಡಿತು. ನಾನು ಅವರ ಕೈ ಹಿಡಿದೆ. ಟೈಲರು ಸುಮ್ಮನಿದ್ದಿದ್ದರೆ ಅವರ ಗುಟ್ಟು ಅವತ್ತಿಗೆ ಭದ್ರವಾಗಿ ಹೂತುಹೋಗುತ್ತಿತ್ತು. ಅವರು ಕೊರಳಿನ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಅವರನ್ನ ಬೈಬೇಡ ಕಣೇ," ಎಂದರು. "ಅವರಿಗಿಂತ ಮೊದಲು ಬಿಚ್ಚಿದ್ದು ನಾನು. ನೀನು ತವರಿಗೆ ಹೋಗಿದ್ಯಲ್ಲ, ಆಗ. ಮುಚ್ಚಿದ ಮೇಲೆ ಹೊರಡಲಿಲ್ಲ."

ನಾನು ಮುಷ್ಟಿ ತೆರೆದೆ. "ಇದು ಒಳಗಿತ್ತು. ಪೆಟ್ರೋಲ್ ದಾರಿಗೆ ಅಡ್ಡ ಕೂತಿತ್ತು."

ಟೈಲರಮ್ಮ ಗುಂಡಿಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ಟೈಲರು ಕತ್ತು ಚಾಚಿ ನೋಡಿದರು. ಗಾಡಿಯನ್ನು ಕೆಡಿಸಿದ್ದು ಏನೆಂದು ಅವರಿಗೂ ಅದೇ ಮೊದಲು ಗೊತ್ತಾದದ್ದು.

"ಇದು ನಾನು ಹೊಲಿದ ಅಂಗೀದು," ಎಂದರು ಟೈಲರಮ್ಮ. "ಬಿಳೀದು. ಗುಂಡಿ ಎಲ್ಲಿ ಅಂದ್ರೆ ಬಸ್ಸಲ್ಲಿ ಬಿತ್ತು ಅಂದ್ರಿ."

"ಹೂಂ."

"ಬಸ್ಸಲ್ಲಿ ಯಾಕೆ ಹೋಗ್ತಿದ್ವಿ? ಗಾಡಿ ಸೀಲ್ ಒಡೆಯಬಾರದು ಅಂತ."

"ಹೂಂ."

"ಅವತ್ತಿಂದ ಇವತ್ತಿನವರೆಗೂ ಬಸ್ಸು."

"ಇಬ್ರೂ ನಮ್ಮ ಖಾಯಂ ಗಿರಾಕಿಗಳು," ಎಂದು ನನ್ನ ಗಂಡ ಅಲ್ಲಿ ಅಗತ್ಯವಿಲ್ಲದ ಮಾಹಿತಿ ಕೊಟ್ಟರು. ಅತ್ತೆ ಅವರ ಕಾಲು ತುಳಿದರು.

ಟೈಲರಮ್ಮ ಬಹಳ ಹೊತ್ತು ಗುಂಡಿಯನ್ನೇ ನೋಡಿದರು. ಬೈಗುಳಕ್ಕೆ ಪದ ಹುಡುಕುತ್ತಿದ್ದಾರೆಂದು ನಾನು ತಿಳಿದೆ. ಆದರೆ ಅವರು ಕೇಳಿದ್ದು ಅತ್ತೆಯನ್ನು. "ಈಗ ಓಡುತ್ತಾ?"

"ಕೂರಿಸಿ ನೋಡ್ಬೇಕು," ಎಂದರು ಅತ್ತೆ. ಆಗಲೇ ಅವರ ಕೈ ಚೀಲದಲ್ಲಿತ್ತು.

ಕಾಲರುಗಳು, ಪ್ಯಾಂಟುಗಳು ಮೇಜಿಗೆ ವರ್ಗವಾದವು. ಗಾಲಿಗಳಲ್ಲಿ ಗಾಳಿಯಿತ್ತು, ಮನಸ್ಸಿಗೆ ಸಮಾಧಾನವಿಲ್ಲದೆ ಟೈಲರು ವಾರವಾರವೂ ತುಂಬುತ್ತಿದ್ದರಂತೆ. ನನ್ನ ಗಂಡ ಟ್ಯಾಂಕು ತೊಳೆದು, ಬಾಟಲಿಯಲ್ಲಿ ಹೊಸ ಪೆಟ್ರೋಲು ತಂದು ಹುಯ್ದರು. ಅತ್ತೆ ಎರಡು ಬೋಲ್ಟು ಬಿಗಿದು, ಕಿವಿ ಹತ್ತಿರ ತಂದು, ಬಟ್ಟಲು ತುಂಬುವ ಸದ್ದು ಕೇಳಿದರು. ಗಾಡಿಯನ್ನು ಬೀದಿಗೆ ತಳ್ಳಿ ಟೈಲರು ಒದ್ದರು. ಕೆಮ್ಮು. ಮತ್ತೆ ಒದ್ದರು. ಸೀನು. ಅತ್ತೆ ಗಾಳಿಯ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, "ಕೋಪ ಮಾಡ್ಕೊಬೇಡಮ್ಮ," ಎಂದು ಅದಕ್ಕೆ ಹೇಳಿದರು. ಮುಂದಿನ ಒದೆತಕ್ಕೆ ಗಾಡಿ ನೀಲಿ ಹೊಗೆ ಉಗುಳಿ, ಎರಡು ಸಲ ತಡವರಿಸಿ, ಆಮೇಲೆ ದಪ್ಪ ದನಿಯಲ್ಲಿ ಗುಡುಗುಡು ಎಂದು ಹಿಡಿದ ಮಾತನ್ನು ಬಿಡದೆ ಆಡತೊಡಗಿತು.

ಭೂತಗನ್ನಡಿಯವರು ಮನೆಗೆ ಹೋಗಿರಲಿಲ್ಲ. ಟೈಲರಮ್ಮನ ಹತ್ತಿರ ಬಂದು ಕೂಗಿ ಹೇಳಿದರು, "ಓಡೋ ಗಾಡಿ ಅಂದ್ರೆ ಲೆಕ್ಕ ಬೇರೆ. ಕೂತು ಮಾತಾಡೋಣ್ವಾ?"

ಟೈಲರಮ್ಮ ಸೆರಗು ಸಿಕ್ಕಿಸಿಕೊಂಡು ಗಂಡನ ಹಿಂದೆ ಹತ್ತಿ ಕೂತರು. ಗುಂಡಿಯನ್ನು ಅವರ ಅಂಗಿಯ ಜೇಬಿಗೆ ಹಾಕಿದರು.

"ಬಿಡಿ," ಎಂದರು.

ಬೇಡ ಬಿಡಿ ಎಂದುಕೊಂಡು ಭೂತಗನ್ನಡಿಯವರು ಹಿಂದೆ ಸರಿದರು. ಗಾಡಿ ಬಿಡಿ ಎಂದುಕೊಂಡು ಟೈಲರು ಕ್ಲಚ್ ಬಿಟ್ಟರು. ನನ್ನ ಗಂಡ ಅಭ್ಯಾಸಬಲದಿಂದ "ರೈಟ್" ಎಂದರು. ಯಾರಿಗೂ ತಪ್ಪು ಅರ್ಥವಾಗಲಿಲ್ಲ. ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಟೈಲರಮ್ಮ ಗಂಡನನ್ನು ಬೈಯುತ್ತಲೇ ಇದ್ದದ್ದು ಇಂಜಿನ್ನಿನ ಸದ್ದಿನ ಮೇಲೂ ಕೇಳಿಸುತ್ತಿತ್ತು. ಒಂದು ಕೈ ಮಾತ್ರ ಅವರ ಸೊಂಟವನ್ನು ಬಿಗಿಯಾಗಿ ಹಿಡಿದಿತ್ತು.

ಮನೆಗೆ ಬಂದ ಮೇಲೆ ಅತ್ತೆ ಕೈತೊಳೆದು ಬೆಂಚಿಗೆ ಕೂತರು. ನಾನು ಬೈಗುಳಕ್ಕೆ ತಯಾರಾಗಿ ನಿಂತೆ. ಚೀಟಿಯ ಕೆಲಸ ಹೋಯಿತೆಂದೇ ಅಂದುಕೊಂಡಿದ್ದೆ.

"ನೀನು 'ಬಿಡು' ಅಂತ ಬರೆದಿದ್ರೆ ಇದ್ಯಾವುದೂ ಆಗ್ತಿರಲಿಲ್ಲ," ಎಂದರು. "ಬಿಡು ಅಂದ್ರೆ ಬಿಡು, ಅಷ್ಟೇ. ಅದು ಯಾವ ಬೀರುವಿನಲ್ಲೂ ಇಲ್ಲ. ಕೆಟ್ಟಿದ್ದು ನಿನ್ನ ಮರ್ಯಾದೆಯಿಂದ. ಇನ್ಮೇಲೆ ನನಗೆ ಏಕವಚನ ಹಾಕು."

"ಅತ್ತೆ, ಅದು ಹೇಗೆ..."

"ಚೀಟಿಯಲ್ಲಿ ಮಾತ್ರ. ಬಾಯಲ್ಲಿ ಹಾಕಿದ್ರೆ ಹಲ್ಲು ಉದುರಿಸ್ತೀನಿ."

ಮರುದಿನ ಹೊಸದೊಂದು ಕಾರ್ಬುರೇಟರ್ ಬಂತು. ಮುಟ್ಟುವಂತಿಲ್ಲ, ಬೆಲೆ ಮಾತ್ರ ಹೇಳಬೇಕು. ನಾನು ಚೀಟಿ ತೆಗೆದುಕೊಂಡು 'ಬಿಡು' ಎಂದು ಬರೆದೆ. ನೋಡಿದಷ್ಟೂ ಭಯವಾಯಿತು. ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ, 'ಅತ್ತೆ' ಎಂದು ಸೇರಿಸಿದೆ.

ಅತ್ತೆ ಅದನ್ನು ಕೈಯುದ್ದ ದೂರ ಹಿಡಿದು ಓದಿದರು. "ಎರಡು ಮಾತಾಯ್ತು," ಎಂದರು. ಹರಿಯಲಿಲ್ಲ.